ಎರಡು ನಿಮಿಷ ಕೂರಲಾರದ ಹುಳ

ನನ್ನ ಮಗಳು ಫೇಲ್ ಆಗಿದ್ದಾಳೆ.

ವಯಸ್ಸು ನಾಲ್ಕು ವರ್ಷ ನಾಲ್ಕು ತಿಂಗಳು. ಫೇಲ್ ಆದ ವಿಷಯ: ಕೂರುವುದು.

ಸರಿಯಾಗಿಯೇ ಓದಿದಿರಿ. ಗಣಿತವಲ್ಲ, ಇಂಗ್ಲಿಷಲ್ಲ, ಕೂರುವುದು. ಎಲ್‌ಕೆಜಿ ರಿಪೋರ್ಟ್ ಕಾರ್ಡಿನಲ್ಲಿ ಅದಕ್ಕೆಂದೇ ಒಂದು ಸಾಲು ಇದೆ. 'ಎರಡು ನಿಮಿಷ ಅಲ್ಲಾಡದೆ ಕೂರುತ್ತದೆ.' ಅದರ ಮುಂದೆ ಕೆಂಪು ಇಂಕಿನಲ್ಲಿ ಒಂದು ದೊಡ್ಡ ಇಂಟು ಮಾರ್ಕು. (ನಮ್ಮ ಆಫೀಸಿನಲ್ಲಿ ಸೀಟಿನಲ್ಲಿ ಎರಡು ನಿಮಿಷ ಕೂರುವವರನ್ನು ಹುಡುಕಬೇಕೆಂದರೆ... ಬೇಡ ಬಿಡಿ, ನಾನೂ ಅಲ್ಲೇ ಫೈಲ್ ತಳ್ಳುವವಳು.)

ಕೋಲಾರದ ಆ ಶಾಲೆಯ ಕೋಆರ್ಡಿನೇಟರ್ ಮೇಡಂ ನನ್ನನ್ನು ಕರೆಸಿದ್ದರು. ಎದುರಿನ ಕುರ್ಚಿ ತೋರಿಸಿದರು. ನಾನು ಬಹಳ ಎಚ್ಚರಿಕೆಯಿಂದ ಅಲ್ಲಾಡದೆ ಕೂತೆ. ಮೇಡಂ ಫೈಲ್ ತೆರೆದು, ಎಕ್ಸ್‌ರೇ ನೋಡಿದ ಡಾಕ್ಟರ್ ಗಂಟಲು ಸರಿಮಾಡಿಕೊಳ್ಳುವ ಹಾಗೆ ಸರಿಮಾಡಿಕೊಂಡು, "ನಿಮ್ಮ ಮಗು ತುಂಬಾ ಆಡ್ತಾಳೆ" ಅಂದರು.

ನಾನು ಕುರ್ಚಿಯಲ್ಲಿ ಅಲ್ಲಾಡಿಬಿಟ್ಟೆ.

ಎಷ್ಟು ದಿನದಿಂದ ಹೀಗೆ ಅಂತಲೂ ಕೇಳಿದರು. ಹುಟ್ಟಿದಾಗಿನಿಂದ ಅಂದೆ. ಅವರು ಅದನ್ನೂ ಬರೆದುಕೊಂಡರು. ನನ್ನ ಮಗಳು ಲಾಸ್ಯ ಪೆನ್ಸಿಲನ್ನು ಬರೆಯೋದಕ್ಕೆ ಬಳಸದೆ ಅದಕ್ಕೆ ಸ್ನಾನ ಮಾಡಿಸುತ್ತಾಳಂತೆ. ತನ್ನ ಸರದಿಗೆ ಕಾಯುವುದಿಲ್ಲವಂತೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಯಾರ ಜೊತೆಗೋ ಮಾತಾಡುತ್ತಾಳಂತೆ. ಮನೆಯಲ್ಲಿ ಕೂರುವ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಯುಕೆಜಿಗೆ ಕಳಿಸುವುದು ಕಷ್ಟ ಅಂದರು. ಒಂದು ವರ್ಷ ಎಲ್‌ಕೆಜಿಯಲ್ಲೇ ಇರಲಿ ಅಂದರೆ ನಿಮಗೇ ಬೇಜಾರಲ್ವಾ, ಅಂತ ನನ್ನ ಮೇಲೆ ಕನಿಕರವನ್ನೂ ತೋರಿಸಿದರು.

ಎಲ್‌ಕೆಜಿಯಲ್ಲಿ ಡುಮ್ಕಿ! ನಮ್ಮ ಎರಡೂ ಕಡೆಯ ವಂಶದಲ್ಲಿ ಇಂಥ ಸಾಧನೆ ಇದುವರೆಗೆ ಯಾರೂ ಮಾಡಿರಲಿಲ್ಲ.

ನಾನು ಮೇಲಧಿಕಾರಿಯ ಮೆಮೊ ಬಂದರೆ ಎದುರು ಪ್ರಶ್ನೆ ಕೇಳುವವಳಲ್ಲ. ಅವತ್ತೇ ಸಂಜೆ ಮನೆಯಲ್ಲಿ ಪುಟ್ಟ ಆಫೀಸು ಶುರುವಾಯಿತು. ಒಂದು ಮೇಜು, ಒಂದು ಕುರ್ಚಿ, ಒಂದು ಕಟ್ಟು ವರ್ಕ್‌ಶೀಟು. ಬೊಂಬೆಗಳು, ಪಾತ್ರೆ ಸೆಟ್ಟು, ಗಾಡಿಗಳು ಅಟ್ಟ ಸೇರಿದವು. ಸಂಜೆ ಗೇಟಿನ ಹೊರಗೆ ಹೋಗುವುದು ರದ್ದು. ನನ್ನ ಮೊಬೈಲಿನ ಸ್ಟಾಪ್‌ವಾಚಿಗೆ ಜೀವಮಾನದಲ್ಲಿ ಮೊದಲ ಸಲ ಕೆಲಸ ಸಿಕ್ಕಿತು.

ನಮ್ಮನೆಯವರು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಬಂದವರೇ ಈ ಏರ್ಪಾಡೆಲ್ಲ ನೋಡಿ, ತಾನು ದಿನಕ್ಕೆ ಎಂಟು ಗಂಟೆ ನಿಂತೇ ಇರುವವನು, ತನಗೆ ಯಾರೂ ಇಂಟು ಮಾರ್ಕು ಹಾಕಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದರು. ನಾನು ಒಂದು ಸಲ ನೋಡಿದೆ. ಅವರು ಟಿವಿ ಕಡೆ ತಿರುಗಿದರು.

ಮೂರು ವಾರ ಕಳೆಯಿತು. ಪ್ರಗತಿ ಚೆನ್ನಾಗಿತ್ತು. ನಲವತ್ತು ಸೆಕೆಂಡಿಗೆ ಮೇಲೇಳುತ್ತಿದ್ದವಳು ಒಂದು ನಿಮಿಷ ಹತ್ತು ಸೆಕೆಂಡಿಗೆ ಬಂದಳು. ನಾನು ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಇನ್ನೊಂದು ಬದಲಾವಣೆಯೂ ಆಗಿತ್ತು. ಅದನ್ನು ಬರೆದಿಡಬೇಕು ಅಂತ ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ಸದ್ದಿರಲಿಲ್ಲ.

ಮೊದಲೆಲ್ಲ ಲಾಸ್ಯ ಬೆಳಗ್ಗೆ ಎದ್ದರೆ ಸೌಟಿನ ಜೊತೆ ಮಾತು, ಚಪ್ಪಲಿಯ ಜೊತೆ ಜಗಳ, ದಿಂಬಿಗೆ ಇಂಜೆಕ್ಷನ್. ಅದೆಲ್ಲ ನಿಂತಿತ್ತು. ಬಚ್ಚಲಿಗೆ ಹೋಗಬೇಕಾದರೆ ನಡುಮನೆಯಲ್ಲಿ ನಿಂತು ಕೈ ಎತ್ತುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಇನ್ನೊಂದು ಚೂರು ಅನ್ನ ಹಾಕಲಾ ಅಂತ ಕೇಳಿದೆ. ತಟ್ಟೆ ನೋಡುತ್ತಲೇ ಹೇಳಿದಳು: "ನೋ ಮಿಸ್."

ತಮಾಷೆಗೆ ಹೇಳಿದ್ದಲ್ಲ. ಅಣಕಿಸಿದ್ದೂ ಅಲ್ಲ. ನಾನು ಏನು ಮಾಡಿದೆ ಗೊತ್ತಾ? ಮಗುವಿಗೆ ಶಿಸ್ತು ಬಂತು ಅಂತ ನನ್ನ ತಂಗಿಗೆ ಫೋನ್ ಮಾಡಿ ಹೇಳಿದೆ. ಬುದ್ಧಿವಂತೆ ನಾನು.

ಇಷ್ಟರಲ್ಲಿ ಹುತ್ತೂರಿನಿಂದ ಕರೆ ಬಂತು. ಅಲ್ಲಿ ನಮ್ಮನೆಯವರ ಅಕ್ಕ ರತ್ನಮ್ಮ ಇದ್ದಾರೆ. ರೇಷ್ಮೆ ಹುಳ ಸಾಕುತ್ತಾರೆ. ಹುಳ ದೊಡ್ಡದಾಗಿದೆ, ಸೊಪ್ಪು ಕೊಯ್ಯೋಕೆ ಆಳು ಸಿಕ್ತಿಲ್ಲ, ಎರಡು ದಿನ ಬಂದು ಹೋಗೋ ಅಂತ ತಮ್ಮನನ್ನು ಕರೆದಿದ್ದರು. ಶನಿವಾರ, ಭಾನುವಾರ. ನಾನೂ ಲಾಸ್ಯಳನ್ನು ಕರೆದುಕೊಂಡು ಹೊರಟೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಹದಿನಾಲ್ಕು ವರ್ಕ್‌ಶೀಟು. ರಜೆ ಅಂತ ಪೋರ್ಷನ್ ನಿಲ್ಲಿಸೋಕೆ ಆಗುತ್ತಾ?

ಹುತ್ತೂರಿನಲ್ಲಿ ನನ್ನನ್ನು ಹುಳದ ಮನೆಯ ಬಾಗಿಲಲ್ಲೇ ತಡೆದರು. ತಲೆಗೆ ಹಾಕಿದ ಎಣ್ಣೆಯ ವಾಸನೆ ಹುಳಕ್ಕೆ ಆಗುವುದಿಲ್ಲವಂತೆ. ಅಲ್ಲದೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇಯುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ಮೇಯುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಲ್ಲಿ ಸೊಪ್ಪು ಹಾಕುವುದಿಲ್ಲ, ಹುಳವನ್ನು ಮುಟ್ಟುವುದೂ ಇಲ್ಲ. ಎದ್ದ ಮೇಲಿನ ಹಸಿವಿಗೆ ಸೊಪ್ಪು ಮಾತ್ರ ಮೊದಲೇ ಕೊಯ್ದಿಡಬೇಕು.

ಹಾಗಾಗಿ ನಾನು ಜಗಲಿಯ ಮೇಲೆ ಕೂತೆ. ಪಕ್ಕದಲ್ಲಿ ಒಂದು ಶೆಡ್ಡು. ಅದರಲ್ಲಿ ಮುರಿದ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳು. ಅಲ್ಲಿ ಮಕ್ಕಳು ಆಡುತ್ತಿದ್ದರು. ಎಂಟು ವರ್ಷದ ಗೌತಮಿ, ರತ್ನಮ್ಮನವರ ಮೊಮ್ಮಗಳು. ಆರು ವರ್ಷದ ಆಯೇಷಾ, ಪಕ್ಕದ ಮನೆಯವಳು. ಅವಳಪ್ಪ ಗೂಡಿನ ವ್ಯಾಪಾರಿ. ಅವರಿಗಿಂತ ಚಿಕ್ಕವು ಇನ್ನೆರಡು. ಲಾಸ್ಯ ನನ್ನ ಕಡೆ ತಿರುಗಿ ಕೈ ಎತ್ತಿದಳು. ಹೋಗು ಅಂದೆ. ಹತ್ತೇ ನಿಮಿಷ, ಆಮೇಲೆ ವರ್ಕ್‌ಶೀಟ್.

ಅವರು ಆಡುತ್ತಿದ್ದ ಆಟ 'ಹುಳದ ಮನೆ'. ಗೌತಮಿ ರೈತ. ಆಯೇಷಾ ಸೊಪ್ಪು ಹಾಕುವವಳು. ಚಿಕ್ಕವು ಹುಳ. ಹೊಸದಾಗಿ ಬಂದವರು ಹುಳವೇ ಆಗಬೇಕು ಅಂತ ಗೌತಮಿ ಕಾನೂನು ಹೇಳಿದಳು. ಲಾಸ್ಯ ತನಗೂ ಸೊಪ್ಪು ಹಾಕುವ ಕೆಲಸವೇ ಬೇಕು ಅಂದಳು. ಆಯೇಷಾ ಬುಟ್ಟಿಯನ್ನು ಎದೆಗೆ ಅವುಚಿಕೊಂಡು, "ಮೈ ಡಾಲ್ತೂಂ, ನಾನ್ ಹಾಕ್ತೀನಿ, ನೀನು ಆಮೇಲೆ" ಅಂದಳು. ಮೂವರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಗುರಾಯಿಸಿದರು. ಕೊನೆಗೆ ಒಂದು ಜ್ವರ ಆಗುವ ತನಕ ಲಾಸ್ಯ ಹುಳ, ಆಮೇಲೆ ಬುಟ್ಟಿ ಅವಳಿಗೆ ಅಂತ ಒಪ್ಪಂದವಾಯಿತು.

ಸರದಿಗೆ ಕಾಯುವುದಿಲ್ಲ ಅಂತ ರಿಪೋರ್ಟಿನಲ್ಲಿ ಬರೆಸಿಕೊಂಡ ಹುಡುಗಿ ಸರದಿಗೆ ಒಪ್ಪಿ ಚಂದ್ರಿಕೆಯ ಮೇಲೆ ಹೋಗಿ ಬೋರಲಾಗಿ ಮಲಗಿದಳು.

ಆಯೇಷಾ ಸೊಪ್ಪು ಹಾಕುತ್ತಾ ಬಂದಳು. ಅವಳ ಬಾಯಲ್ಲಿ ಅದು ಪತ್ತಾ. ಗೌತಮಿಯ ಬಾಯಲ್ಲಿ ಒಮ್ಮೆ ಸೊಪ್ಪು, ಒಮ್ಮೆ ತೆಲುಗಿನ ಆಕು. ಕಾಲು ಗಂಟೆಯಲ್ಲಿ ಲಾಸ್ಯ ಮೂರು ಹೆಸರಿನಲ್ಲೂ ಕೇಳಿ ತಿನ್ನುತ್ತಿದ್ದಳು. (ಶಾಲೆಯಲ್ಲಿ ಹದಿನೈದು ದಿನದಿಂದ ಎಲ್ ಫಾರ್ ಲೀಫ್ ನಡೆಯುತ್ತಿದೆ. ಎಲೆ ತಂದು ತೋರಿಸಿಲ್ಲ. ಗೆರೆಯಿಂದಾಚೆ ಬಣ್ಣ ಹೋಗಬಾರದು, ಅಷ್ಟೇ.) ಹುಳ ಮೂರು, ಎಲೆ ಎರಡೇ ಉಳಿದಾಗ ಹೇಗೆ ಹಂಚುವುದು ಅಂತ ದೊಡ್ಡ ಚರ್ಚೆ ನಡೆಯಿತು. ಒಂದನ್ನು ಹರಿದರೆ ಮೂರು ಆಗುತ್ತೆ ಅಂತ ಹೇಳಿದ್ದು ನನ್ನ ಮಗಳು. ಆಗ ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

ಆಮೇಲೆ ಗೌತಮಿ ಸೊಂಟದ ಮೇಲೆ ಕೈಯಿಟ್ಟು, ಅಜ್ಜಿಯ ದನಿಯಲ್ಲಿ, "ಹುಳ ಜ್ವರಕ್ಕೆ ಕೂತ್ಕೊಂತು. ಯಾರೂ ಅಲ್ಲಾಡಂಗಿಲ್ಲ" ಅಂತ ಸಾರಿದಳು.

ಮೂರು ಹುಳಗಳೂ ಮೊಣಕಾಲೂರಿ ಕೂತು ತಲೆ ಎತ್ತಿದವು.

ನಾನು ಏನು ಮಾಡಿರಬಹುದು ಹೇಳಿ? ಮೊಬೈಲ್ ತೆಗೆದು ಸ್ಟಾಪ್‌ವಾಚ್ ಒತ್ತಿದೆ. ರೋಗ ಅಷ್ಟು ಬೇಗ ಬಿಡುತ್ತಾ?

ಒಂದು ನಿಮಿಷ. ಲಾಸ್ಯ ಅಲ್ಲಾಡಲಿಲ್ಲ. ಎರಡು ನಿಮಿಷ. ಚಿಕ್ಕ ಹುಳವೊಂದು ಕಿಸಕ್ಕನೆ ನಕ್ಕು ಉರುಳಿತು. ಲಾಸ್ಯ ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ಕಣ್ಣು ಮಿಟುಕಿಸಿದಳೇ ಹೊರತು ಕೈ ಎತ್ತಲಿಲ್ಲ. ಆಯೇಷಾ ಬಂದು ತುಟಿಗೆ ಎಲೆ ತಾಗಿಸಿ ಆಸೆ ತೋರಿಸಿದಳು. ಬಾಯಿ ತೆರೆಯಲಿಲ್ಲ. ಜ್ವರದಲ್ಲಿರುವ ಹುಳ ಮೇಯುವುದಿಲ್ಲವಲ್ಲ! ಏಳು ನಿಮಿಷ ಇಪ್ಪತ್ತು ಸೆಕೆಂಡಾದ ಮೇಲೆ ಗೌತಮಿ ಜ್ವರ ಬಿಡಿಸಿದಳು. ಹುಳ ಎದ್ದು ಬುಟ್ಟಿಯ ಕಡೆ ಓಡಿತು.

ಅಲ್ಲಿ ಜಗಳ ಶುರು. ತನ್ನ ಶೆಡ್ಡು, ತನ್ನ ಚಂದ್ರಿಕೆ, ಇವತ್ತು ಪೂರ್ತಿ ತಾನು ಹೇಳಿದ ಹಾಗೇ ನಡೀಬೇಕು, ಲಾಸ್ಯ ಇನ್ನೊಂದು ಜ್ವರಕ್ಕೆ ಕೂರಲಿ ಅಂತ ಗೌತಮಿ ಮಾತು ತಪ್ಪಿದಳು. ಲಾಸ್ಯಳ ಮುಖ ಕೆಂಪಾಯಿತು. ನಾನು ನ್ಯಾಯ ಮಾಡಲು ಎದ್ದೆ. ಸೊಪ್ಪಿನ ಹೊರೆ ಇಳಿಸಿ ಆಗಷ್ಟೇ ಬಂದಿದ್ದ ರತ್ನಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

"ನೀ ಹೋದ್ರೆ ನಾಳೆಗಂಟ ಮುಗಿಯಲ್ಲಮ್ಮಿ. ಊರ್ಕೋ, ಸುಮ್ನಿರು, ಅವರೇ ಮಾಡ್ಕೊಂತಾರೆ."

ಲಾಸ್ಯ ಅಳಲಿಲ್ಲ, ದೂರು ಹೇಳಲು ನನ್ನ ಹತ್ತಿರ ಬರಲೂ ಇಲ್ಲ. ಆಯೇಷಾಳ ಕಿವಿಯಲ್ಲಿ ಏನೋ ಹೇಳಿದಳು. ಆಯೇಷಾ ಬುಟ್ಟಿ ಕೆಳಗಿಟ್ಟಳು. ಚಿಕ್ಕವೆರಡರ ಕೈ ಹಿಡಿದುಕೊಂಡು ಇಬ್ಬರೂ ಶೆಡ್ಡಿನಿಂದ ಹೊರಗೆ ಬಂದು ಬಿಸಿಲಲ್ಲಿ ನಿಂತರು. ಒಳಗೆ ರೈತ ಒಬ್ಬಳೇ ಉಳಿದಳು. ಹುಳವಿಲ್ಲ, ಸೊಪ್ಪು ಹಾಕುವವರಿಲ್ಲ. ಗೌತಮಿ ಸ್ವಲ್ಪ ಹೊತ್ತು ಚಂದ್ರಿಕೆ ಒರೆಸುವ ನಾಟಕ ಮಾಡಿದಳು. ಆಮೇಲೆ ತಾನೇ ಬುಟ್ಟಿ ಎತ್ತಿಕೊಂಡು ಬಂದು ಲಾಸ್ಯಳ ಕೈಗೆ ಕೊಟ್ಟಳು. ಮುಂದಿನ ಜ್ವರಕ್ಕೆ ರೈತನೇ ಹುಳವಾಗಬೇಕು ಅಂತ ಷರತ್ತೂ ಬಿತ್ತು. ಅವಳು ಒಪ್ಪಿದಳು. ನಮ್ಮ ಆಫೀಸಿನ ಸಂಘ ಆರು ತಿಂಗಳಿಂದ ಒಂದು ಫ್ಯಾನಿಗಾಗಿ ಮನವಿ ಕೊಡುತ್ತಿದೆ. ಇಷ್ಟು ಬೇಗ ಏನೂ ಇತ್ಯರ್ಥವಾಗಿಲ್ಲ.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ತಲೆಯಲ್ಲಿ ಏಳು ನಿಮಿಷ ಇಪ್ಪತ್ತು ಸೆಕೆಂಡು ಗಿರಕಿ ಹೊಡೆಯುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಕರೆದು ಅದೇ ಶೆಡ್ಡಿನಲ್ಲಿ, ಅದೇ ಜಾಗದಲ್ಲಿ ಕೂರಿಸಿದೆ. ಮುಂದೆ ವರ್ಕ್‌ಶೀಟು ಇಟ್ಟೆ. ಅರ್ಧ ನಿಮಿಷಕ್ಕೆ ಕಾಲು ಕೆರೆದಳು. ಆಮೇಲೆ ಸೊಂಟ ತಿರುಗಿತು. ಒಂದು ನಿಮಿಷಕ್ಕೆ ಪೆನ್ಸಿಲ್ ಕೆಳಗೆ ಬಿತ್ತು. ಅದೇ ಮಗು, ಅದೇ ನೆಲ, ಅದೇ ಕುಂಡಿ!

ನನಗೆ ರೇಗಿತು. ಬೆಳಗ್ಗೆ ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದವಳಿಗೆ ಈಗ ಏನು ಬಂತು ಅಂತ ಕೇಳಿದೆ.

ಅವಳು ನನ್ನನ್ನು ನೋಡಿದಳು, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ.

"ಆಗ ನಾನು ಕೂತಿರಲಿಲ್ಲ ಅಮ್ಮ. ಜ್ವರದಲ್ಲಿದ್ದೆ."

ಅಮ್ಮ ಅಂದಳು. ಆ ಮಾತು ಕೇಳಿ ಎಷ್ಟು ದಿನವಾಗಿತ್ತು ಅಂತ ನಾನು ಲೆಕ್ಕ ಹಾಕಲು ಹೋದೆ. ಸಿಗಲಿಲ್ಲ. ಊಟದ ಹೊತ್ತಿನ ಆ 'ನೋ ಮಿಸ್' ಈಗ ಬಂದು ಎದೆಗೆ ತಾಕಿತು. ವರ್ಕ್‌ಶೀಟನ್ನು ಮಡಿಸಿ, ಕಣ್ಣಿಗೆ ಏನೋ ಬಿತ್ತು ಅಂತ ಹೇಳಿ ಹೊರಗೆ ಬಂದೆ. ಬಾವಿಯ ಕಟ್ಟೆ ಹತ್ತಿರ ನಮ್ಮನೆಯವರು ಕೈ ತೊಳೆಯುತ್ತಿದ್ದರು. ಏನಾಯ್ತು ಅಂದರು. ಏನಿಲ್ಲ, ನಾನು ಫೇಲ್ ಆದೆ ಅಂದೆ. ಅವರು ಮುಖ ತೊಳೆದುಕೊಳ್ಳೋಕೆ ಚೊಂಬು ಕೊಟ್ಟರು. ಜೋಕು ಮಾಡಲಿಲ್ಲ. (ಹದಿಮೂರು ವರ್ಷದ ಸಂಸಾರದಲ್ಲಿ ಅದೊಂದು ಉಪಕಾರ ಮರೆಯಲಾರೆ.)

ಆಮೇಲೆ ಸಂಜೆಯ ತನಕ ನಾನು ಜಗಲಿಯ ಮೇಲೆ ಸುಮ್ಮನೆ ಕೂತು ನೋಡಿದೆ, ಅಷ್ಟೇ. ಆಟದ ಹುಳ ಹಣ್ಣಾಯಿತು, ಅಂದರೆ ಮೇಯುವುದು ಬಿಟ್ಟು ಗೂಡಿಗೆ ತಯಾರಾಯಿತು. ಗೂಡು ಕಟ್ಟಿತು. ಆಯೇಷಾ ವ್ಯಾಪಾರಿಯಾಗಿ ಗೂಡು ಅಲ್ಲಾಡಿಸಿ ನೋಡಿ, ಪೊಳ್ಳು ಅಂತ ಮೂಗು ಮುರಿದಳು. ಗೂಡೊಳಗಿದ್ದ ಲಾಸ್ಯ ತಾನು ಪೊಳ್ಳಲ್ಲ ಅಂತ ವಾದ ಮಾಡಿದಳು. ಗೂಡು ಮಾತಾಡಬಾರದು ಅಂತ ಆಯೇಷಾ ನೆನಪಿಸಿದ ಮೇಲೆ ಬಾಯಿ ಮುಚ್ಚಿಕೊಂಡಳು, ತಾನಾಗಿ. ಬಾಯಿ ಮುಚ್ಚು ಅಂತ ಮೂರು ವಾರದಲ್ಲಿ ನಾನು ಎಷ್ಟು ಸಲ ಹೇಳಿದ್ದೆನೋ.

ಸೋಮವಾರ ಶಾಲೆಗೆ ಹೋದೆ. ಕೋಆರ್ಡಿನೇಟರ್ ಮೇಡಂಗೆ ಎಲ್ಲ ಹೇಳಿದೆ. ಜ್ವರ, ಚಂದ್ರಿಕೆ, ನೊಣ. ಮೇಡಂ ಪೂರ್ತಿ ಕೇಳಿದರು. ತಮ್ಮ ಶಾಲೆಯಲ್ಲೂ ಆಟಕ್ಕೆ ತುಂಬಾ ಪ್ರಾಮುಖ್ಯ ಇದೆ, ಶುಕ್ರವಾರ ಹನ್ನೊಂದು ಇಪ್ಪತ್ತರಿಂದ ಹನ್ನೊಂದು ನಲವತ್ತರವರೆಗೆ ಅಂದರು. ಪೋರ್ಷನ್ ಮುಗಿದಿದ್ದರೆ. ಮುಗಿದದ್ದು ಯಾವಾಗ ಅಂತ ಕೇಳಿದೆ. ದಸರಾಕ್ಕೆ ಮುಂಚೆ ಒಂದು ಸಲ ಅಂತ ನೆನಪು ಮಾಡಿಕೊಂಡರು.

ಕೆಲಸ ಆಗಿದ್ದು ಅಲ್ಲಲ್ಲ, ಬಾಗಿಲ ಹೊರಗೆ. ಲಾಸ್ಯಳ ಕ್ಲಾಸ್ ಟೀಚರ್ ಸೌಮ್ಯ, ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಚಿಕ್ಕ ವಯಸ್ಸಿನ ಹುಡುಗಿ. ನನ್ನ ಮಾತು ಹೊರಗಿನಿಂದ ಕೇಳಿಸಿಕೊಂಡಿದ್ದಳು. ಗೇಟಿನ ತನಕ ಬಂದು, ಆ ಹುಳದ ಆಟ ಹೇಗೆ ಅಂತ ಕೇಳಿದಳು. ಹೇಳಿಕೊಟ್ಟೆ. ಮಾರನೇ ದಿನ ಕ್ಲಾಸಿನ ಬಾಗಿಲು ಹಾಕಿಕೊಂಡು ಆಡಿಸಿಯೇಬಿಟ್ಟಳು. ಇಪ್ಪತ್ತೆರಡು ಮಕ್ಕಳೂ ಜ್ವರಕ್ಕೆ ಕೂತರು. ಎಲ್‌ಕೆಜಿಯಿಂದ ಒಂದು ಸದ್ದೂ ಬರದಿದ್ದನ್ನು ಕೇಳಿ ಕೋಆರ್ಡಿನೇಟರ್ ಮೇಡಂ ಗಾಬರಿಯಾಗಿ ಓಡಿ ಬಂದರಂತೆ. ಬಾಗಿಲು ತೆರೆದರೆ ಇಪ್ಪತ್ತೆರಡು ತಲೆಗಳು ಮೇಲೆ. ಮಧ್ಯದಲ್ಲಿ ಟೀಚರ್ರೂ ಮೊಣಕಾಲೂರಿ ತಲೆ ಎತ್ತಿಕೊಂಡಿದ್ದಾಳೆ!

ಸೌಮ್ಯಳ ಕೆಲಸಕ್ಕೆ ಕುತ್ತು ಬಂತೇನೋ ಅಂತ ನಾನು ಎರಡು ದಿನ ಒದ್ದಾಡಿದೆ. ಅವಳೇ ಫೋನ್ ಮಾಡಿದಳು. ಮೇಡಂ ಏನೂ ಬೈಯಲಿಲ್ಲವಂತೆ, ಗಡಿಯಾರ ನೋಡಿದರಂತೆ, ಎರಡು ನಿಮಿಷ ಯಾವಾಗಲೋ ದಾಟಿತ್ತಂತೆ. ಲಾಸ್ಯಳ ಹೆಸರು ಯುಕೆಜಿ ಪಟ್ಟಿಗೆ ಸೇರಿತು. ಫೋನ್ ಇಡುವ ಮುಂಚೆ ಸೌಮ್ಯ ಒಂದು ವಿಷಯ ಹೇಳಿದಳು. ಪೆನ್ಸಿಲಿಗೆ ಸ್ನಾನ ಮಾಡಿಸುವ ಮಕ್ಕಳು ಈಗ ಕ್ಲಾಸಿನಲ್ಲಿ ಐದು ಜನ ಆಗಿದ್ದಾರಂತೆ. ಅವಳಿಗೆ ಅದರಿಂದ ಖುಷಿಯಾದ ಹಾಗಿತ್ತು. ನನಗೂ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಯಾಕೆಂದರೆ ಸಂಜೆ ಲಾಸ್ಯಳನ್ನು ಗೇಟಿನ ಹೊರಗೆ ಬಿಟ್ಟೆ. ಐದೂವರೆಗೆ. ಹತ್ತು ನಿಮಿಷದ ಮೇಲೆ ನೋಡಿದರೆ ರಸ್ತೆ ಮಧ್ಯೆ ಒಬ್ಬಳೇ ನಿಂತಿದ್ದಾಳೆ. ಅಕ್ಕಪಕ್ಕ, ಎದುರು, ಎಲ್ಲ ಸೇರಿ ನಮ್ಮ ರಸ್ತೆಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಒಂದೂ ಹೊರಗಿಲ್ಲ. ಎಲ್ಲರೂ ಬ್ಯುಸಿ. ನಾಲ್ಕು ವರ್ಷದವರಿಗೆ ಸಂಜೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ.

ನಾನು ಮನೆ ಮನೆಗೆ ಹೋಗಿ ಮಗುವನ್ನು ಆಡಲು ಕಳಿಸಿ ಅಂತ ಕೇಳಿದೆ. ಒಬ್ಬರ ಮಗುವಿಗೆ ಅಬ್ಯಾಕಸ್. ಇನ್ನೊಬ್ಬರದಕ್ಕೆ ಫೋನಿಕ್ಸ್, ಅಂದರೆ ಇಂಗ್ಲಿಷ್ ಅಕ್ಷರದ ಸದ್ದು ಕಲಿಸುವ ಕ್ಲಾಸು. ಮೂರನೇ ಮನೆಯವರು ಬಾಗಿಲು ಅರ್ಧ ತೆರೆದು, ಯಾವ ಆಟ, ಅದರಿಂದ ಏನು ಉಪಯೋಗ ಅಂತ ವಿಚಾರಿಸಿದರು. ಸುಮ್ಮನೆ ಆಟ ಅಂದೆ. ಅವರಿಗೆ ನನ್ನ ಮನೆಯಲ್ಲಿ ಏನೋ ತೊಂದರೆ ಇರಬೇಕು ಅನ್ನಿಸಿತು. ಸುಧಾರಿಸಿಕೊಳ್ಳಿ ಅಂತ ಹೇಳಿ ಕಳಿಸಿದರು. ಎದುರು ಮನೆ ಆಶಾ ಮಾತ್ರ ನೇರವಾಗಿ ಹೇಳಿದಳು: "ನೀನೇ ಒಂದು ಕ್ಲಾಸ್ ಶುರು ಮಾಡೇ. ಕ್ಲಾಸ್ ಅಂದ್ರೆ ಕಳಿಸ್ತಾರೆ."

ಅವಳು ತಮಾಷೆಗೆ ಹೇಳಿದ್ದು. ನಾನು ಮಾರನೇ ದಿನವೇ ಗೇಟಿಗೆ ಬೋರ್ಡ್ ನೇತುಹಾಕಿದೆ. 'ಅರ್ಲಿ ಬ್ರೇನ್ ಅಂಡ್ ಸೋಷಿಯಲ್ ಸ್ಕಿಲ್ಸ್ ಬ್ಯಾಚ್. ಸಂಜೆ ಐದರಿಂದ ಆರೂವರೆ. ಸೀಟುಗಳು ಸೀಮಿತ.'

ಮೂರು ದಿನದಲ್ಲಿ ಹನ್ನೊಂದು ಮಕ್ಕಳೂ ಬಂದರು. ಅಬ್ಯಾಕಸ್ ಟೈಮು ಬದಲಾಯಿತು. ಫೋನಿಕ್ಸ್ ಶನಿವಾರಕ್ಕೆ ಹೋಯಿತು. ಒಬ್ಬರು ಮಾವಿನ ತೋಪಿನ ಗುತ್ತಿಗೆ ಮಾತಾಡಲು ಶ್ರೀನಿವಾಸಪುರಕ್ಕೆ ಹೋಗಿದ್ದವರು ಅಲ್ಲಿಂದಲೇ ಫೋನ್ ಮಾಡಿ, ತಮ್ಮ ಮಗನಿಗೆ ಒಂದು ಸೀಟು ಹಿಡಿದಿಡಿ ಅಂತ ಕೇಳಿಕೊಂಡರು.

ನನ್ನ ಪಾಠಕ್ರಮ ಇಷ್ಟೇ. ಮಕ್ಕಳು ಬಂದ ಮೇಲೆ ಕಾಂಪೌಂಡ್ ಗೇಟು ಹಾಕುತ್ತೇನೆ. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತೇನೆ. ರಕ್ತ ಬಂದರೆ ಮಾತ್ರ ಏಳುತ್ತೇನೆ. ಅವರು ಹಳೆ ರಟ್ಟಿನ ಡಬ್ಬದಲ್ಲಿ ಬಸ್ ಮಾಡುತ್ತಾರೆ, ಯಾರು ಡ್ರೈವರ್ ಅಂತ ಕಿತ್ತಾಡುತ್ತಾರೆ, ಕಾನೂನು ಮಾಡುತ್ತಾರೆ, ಮುರಿಯುತ್ತಾರೆ, ಟೂ ಬಿಡುತ್ತಾರೆ, ಅರ್ಧ ಗಂಟೆಗೆ ಸೇರಿಕೊಳ್ಳುತ್ತಾರೆ. ಮೊದಲ ವಾರ ಯಾರ ಜೊತೆಯೂ ಮಾತಾಡದೆ ಗೋಡೆಗೆ ಒರಗಿ ನಿಂತಿದ್ದ ಒಂದು ಮಗು ಈಗ ಕಂಡಕ್ಟರ್. ಇಳಿಯುವವರಿಗೆ ಬೇಗ ಬೇಗ ಅಂತ ಗದರಿಸುತ್ತೆ.

ಅಪ್ಪ ಅಮ್ಮಂದಿರಿಗೆ ಭಾರಿ ಸಂತೋಷ. ಮಗು ಚೆನ್ನಾಗಿ ಊಟ ಮಾಡುತ್ತಂತೆ, ಹಟ ಕಡಿಮೆಯಂತೆ, ತಾನೇ ಲೆಕ್ಕ ಹೇಳುತ್ತಂತೆ. ಏನು ಮೆಥಡ್ ಮೇಡಂ ನಿಮ್ಮದು ಅಂತ ಕೇಳುತ್ತಾರೆ. ನಾನು ಮುಗುಳ್ನಗುತ್ತೇನೆ. ಅವರೆಕಾಯಿ ಬುಟ್ಟಿಯನ್ನು ಬಾಗಿಲ ಹಿಂದೆ ಸರಿಸುತ್ತೇನೆ.

ನಿನ್ನೆ ಸಂಜೆ ಫೋನಿಕ್ಸ್ ಮಗುವಿನ ಅಮ್ಮ ಗೇಟಿನ ಹತ್ತಿರ ಸ್ವಲ್ಪ ಹೊತ್ತು ಉಳಿದರು. ಹೇಳಲೋ ಬೇಡವೋ ಅಂತ ಸಂಕೋಚ. ಆಮೇಲೆ ಹೇಳಿಯೇಬಿಟ್ಟರು. ಕ್ಲಾಸೇನೋ ತುಂಬಾ ಚೆನ್ನಾಗಿದೆ, ಆದರೆ ಒಂದೇ ಒಂದು ಕೊರತೆ ಅಂತೆ.

"ಹೋಮ್‌ವರ್ಕ್ ಕೊಡ್ತಿಲ್ವಲ್ಲ ಮೇಡಂ?"

ನೀವೇ ಹೇಳಿ, ಏನು ಕೊಡಲಿ?